ಹಿತ್ತಲಿನಲ್ಲಿ ಬೆಣ್ಣೆಹಣ್ಣಿನ ಮರ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಬೆಣ್ಣೆಹಣ್ಣಿನ ಮರಗಳು ಹಲವು ದಶಕಗಳಿಂದ ಇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ರೀಲಂಕಾದಿಂದ ನಮ್ಮ ದೇಶಕ್ಕೆ ಬಂದ ಈ ಹಣ್ಣನ್ನು ಬಹಳ ಕಾಲ ಯಾರೂ ಬೆಳೆಯೆಂದು ಎಣಿಸಲಿಲ್ಲ. ಉದುರಿದ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತಿತ್ತು. ಈಗ ಪಟ್ಟಣಗಳಲ್ಲಿ ಇದಕ್ಕೆ ಒಳ್ಳೆಯ ಬೇಡಿಕೆ ಇದೆ. ಆದ್ದರಿಂದ ಹಿತ್ತಲಿನಲ್ಲಿ ಒಂದೆರಡು ಗಿಡ ನೆಡಲು ಅನೇಕ ರೈತರು ಮುಂದೆ ಬರುತ್ತಿದ್ದಾರೆ.

ಆದರೆ ನೆಟ್ಟವರಿಂದ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ಮರ ತುಂಬಾ ಹೂ ಬಿಟ್ಟರೂ ಕಾಯಿ ನಿಲ್ಲುವುದಿಲ್ಲ. ಎರಡು, ಚೆನ್ನಾಗಿ ಬೆಳೆದಿದ್ದ ಮರ ಒಂದೆರಡು ಮಳೆಗಾಲಗಳಲ್ಲಿ ತುದಿಯಿಂದ ಒಣಗುತ್ತಾ ಬಂದು ಸಾಯುತ್ತದೆ. ಈ ಎರಡಕ್ಕೂ ಕಾರಣ ಗೊತ್ತಿದೆ, ಎರಡನ್ನೂ ತಪ್ಪಿಸಬಹುದು. ಗಿಡ ನೆಡುವ ಮೊದಲೇ ಇವನ್ನು ತಿಳಿದಿದ್ದರೆ ಐದಾರು ವರ್ಷಗಳ ಶ್ರಮ ಉಳಿಯುತ್ತದೆ.

ಹವಾಗುಣ ಮತ್ತು ಮಣ್ಣು

ಬೆಣ್ಣೆಹಣ್ಣು ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ನಿತ್ಯಹಸುರಿನ ಮರ. ಮಧ್ಯ ಅಮೆರಿಕ ಮತ್ತು ಮೆಕ್ಸಿಕೊ ಇದರ ತೌರು. ಇದರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಮತ್ತು ವೆಸ್ಟ್ ಇಂಡೀಸ್ ಎಂಬ ಮೂರು ಬುಡಕಟ್ಟುಗಳಿವೆ. ಮೆಕ್ಸಿಕೊದ್ದು ಚಳಿ ತಡೆಯುತ್ತದೆ. ಹಣ್ಣು ಸಣ್ಣದು, ಸಿಪ್ಪೆ ತೆಳು, ಎಣ್ಣೆಯ ಅಂಶ ಹೆಚ್ಚು. ಗ್ವಾಟೆಮಾಲಾದ್ದು ದಪ್ಪ ಒರಟು ಸಿಪ್ಪೆಯದು. ವೆಸ್ಟ್ ಇಂಡೀಸಿನದು ಸೆಕೆಗೆ ಒಗ್ಗುತ್ತದೆ; ಹಣ್ಣು ದೊಡ್ಡದು, ಎಣ್ಣೆಯ ಅಂಶ ಕಡಿಮೆ.

ನಮ್ಮಲ್ಲಿ ಮಲೆನಾಡಿನ ತಂಪು ಪ್ರದೇಶಗಳಿಗೂ ಬೆಂಗಳೂರಿನ ಸುತ್ತಿನ ಹಿತವಾದ ಹವೆಗೂ ಇದು ಹೊಂದುತ್ತದೆ. ಬೇಸಿಗೆಯಲ್ಲಿ ಬಿಸಿ ಒಣಗಾಳಿ ಬೀಸುವ ಬಯಲಿನಲ್ಲಿ ಹೂ ಮತ್ತು ಎಳೆಗಾಯಿ ಉದುರುವುದು ಹೆಚ್ಚು. ಮಣ್ಣು ಕೆಂಪಿರಲಿ, ಜಂಬಿಟ್ಟಿಗೆಯಿರಲಿ, ನೀರು ಬಸಿದು ಹೋಗುವಂತಿರಬೇಕು. ಜೌಗು, ಚೌಳು ಮತ್ತು ಗಟ್ಟಿ ಜೇಡಿಮಣ್ಣಿನಲ್ಲಿ ಇದನ್ನು ನೆಡಬಾರದು.

ನಿಮ್ಮ ಜಾಗ ಹೇಗಿದೆಯೆಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಎರಡು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಮರುದಿನವೂ ಗುಂಡಿಯಲ್ಲಿ ನೀರು ನಿಂತಿದ್ದರೆ ಆ ಜಾಗ ಬೆಣ್ಣೆಹಣ್ಣಿಗೆ ಆಗದು.

ಬೀಜದ ಗಿಡವೋ, ಕಸಿ ಗಿಡವೋ?

ತಿಂದ ಹಣ್ಣಿನ ಬೀಜ ನೆಟ್ಟರೆ ಗಿಡವೇನೋ ಬರುತ್ತದೆ. ಆದರೆ ತಾಯಿಮರದ ಗುಣ ಮಗುವಿಗೆ ಬರುವ ಭರವಸೆ ಇಲ್ಲ. ಫಸಲಿಗೂ ಐದರಿಂದ ಹತ್ತು ವರ್ಷ ಕಾಯಬೇಕಾಗುತ್ತದೆ. ಕಸಿ ಗಿಡ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಬಿಡಲು ತೊಡಗುತ್ತದೆ. ಹಣ್ಣು ಹೇಗಿರುತ್ತದೆಂದು ಮೊದಲೇ ಗೊತ್ತಿರುತ್ತದೆ.

ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಅರ್ಕಾ ಸುಪ್ರೀಂ ಮತ್ತು ಅರ್ಕಾ ಕೂರ್ಗ್ ರವಿ ಎಂಬ ತಳಿಗಳು ಬಂದಿವೆ. ಫ್ಯೂರ್ಟೆ, ಪೊಲಾಕ್, ಹಾಸ್ ಮುಂತಾದವು ಹೊರದೇಶದ ತಳಿಗಳು. ಹಾಸ್ ಹಣ್ಣಿನ ಒರಟು ಸಿಪ್ಪೆ ಹಣ್ಣಾದಾಗ ಕಪ್ಪಾಗುತ್ತದೆ. ತಂಪು ಹವೆಯಲ್ಲಿ ಇದು ಚೆನ್ನಾಗಿ ಬರುತ್ತದೆ.

ಊರಿನಲ್ಲೇ ಒಳ್ಳೆಯ ಮರವಿದ್ದರೆ ನೀವೇ ಕಸಿ ಮಾಡಿಕೊಳ್ಳಬಹುದು. ಹಣ್ಣಿನಿಂದ ತೆಗೆದ ಬೀಜ ಎರಡು ಮೂರು ವಾರಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ತಡಮಾಡದೆ ಬಿತ್ತಬೇಕು. ಕಂದು ಸಿಪ್ಪೆ ತೆಗೆದು, ಅಗಲವಾದ ತಳ ಕೆಳಗೆ ಬರುವಂತೆ ಪಾಲಿಥೀನ್ ಚೀಲದಲ್ಲಿ ಇಡಿ; ಬೀಜದ ತುದಿ ಮಣ್ಣಿನ ಮಟ್ಟಕ್ಕೆ ಕಾಣುವಂತಿರಲಿ. ಸಸಿ ಪೆನ್ಸಿಲಿನ ದಪ್ಪಕ್ಕೆ ಬಂದಾಗ ಅಷ್ಟೇ ದಪ್ಪದ, ಕಣ್ಣು ಉಬ್ಬಿದ ಕಸಿಕಡ್ಡಿಯನ್ನು ಆರಿಸಿ. ಕಡ್ಡಿ ಕತ್ತರಿಸುವ ಎಂಟು ಹತ್ತು ದಿನ ಮೊದಲೇ ಅದರ ಎಲೆಗಳನ್ನು ಸವರಿರಬೇಕು. ಸಸಿಯ ತುದಿ ಕತ್ತರಿಸಿ ಒಂದೂವರೆ ಅಂಗುಲದಷ್ಟು ಸೀಳಿ, ಬೆಣೆಯಂತೆ ಹೆರೆದ ಕಡ್ಡಿಯನ್ನು ಅದರಲ್ಲಿ ಕೂರಿಸಿ, ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಮೇಲೆ ಸಣ್ಣ ಪಾಲಿಥೀನ್ ಚೀಲ ಹೊದಿಸಿ ನೆರಳಿನಲ್ಲಿಡಿ. ಚಿಗುರು ಬಂದ ಮೇಲೆ ಚೀಲ ತೆಗೆಯಿರಿ.

ನಾಟಿ

ಮರದಿಂದ ಮರಕ್ಕೆ 20ರಿಂದ 30 ಅಡಿ ಅಂತರವಿರಲಿ. ಮನೆಯ ಗೋಡೆಯಿಂದಲೂ ಸಾಕಷ್ಟು ದೂರವಿರಬೇಕು. ಬೇಸಿಗೆಯಲ್ಲೇ 3 ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಸಾಧಾರಣ ಮಳೆಯ ಕಡೆ ಜೂನ್-ಜುಲೈನಲ್ಲಿ ನೆಡಬಹುದು. ಮಳೆ ವಿಪರೀತವಾದ ಕಡೆ ಅಬ್ಬರ ತಗ್ಗಿದ ಮೇಲೆ, ಸೆಪ್ಟೆಂಬರಿನಲ್ಲಿ ನೆಡುವುದು ಲೇಸು. ಅಂತಹ ಕಡೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಕಸಿಗಂಟು ಮಣ್ಣಿನಲ್ಲಿ ಹೂಳಬಾರದು. ಎಳೆಯ ಗಿಡಕ್ಕೆ ಊರುಗೋಲು ಕೊಟ್ಟು, ಮೊದಲ ಬೇಸಿಗೆಯಲ್ಲಿ ಪಶ್ಚಿಮದ ಬಿಸಿಲಿಗೆ ಸೋಗೆ ಕಟ್ಟಿ ನೆರಳು ಮಾಡಿ.

ಹೂವಿನ ಗುಟ್ಟು

ಬೆಣ್ಣೆಹಣ್ಣಿನ ಪ್ರತಿ ಹೂವಿನಲ್ಲೂ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇವೆ. ಆದರೆ ಅವು ಒಂದೇ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಹೂ ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ ಅರಳಿ ಮುಚ್ಚಿಕೊಳ್ಳುತ್ತದೆ. ಮರುದಿನ ಗಂಡಾಗಿ ಅರಳಿ ಪರಾಗ ಬಿಡುತ್ತದೆ.

ಈ ಅರಳುವ ಹೊತ್ತಿನ ಮೇಲೆ ತಳಿಗಳಲ್ಲಿ 'ಎ' ಮತ್ತು 'ಬಿ' ಎಂಬ ಎರಡು ಗುಂಪುಗಳನ್ನು ಮಾಡಲಾಗಿದೆ. 'ಎ' ಗುಂಪಿನ ಹೂ ಬೆಳಿಗ್ಗೆ ಹೆಣ್ಣಾಗಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಮರುದಿನ ಮಧ್ಯಾಹ್ನದ ಮೇಲೆ ಗಂಡಾಗಿ ಅರಳುತ್ತದೆ. 'ಬಿ' ಗುಂಪಿನ ಹೂ ಮಧ್ಯಾಹ್ನದ ಮೇಲೆ ಹೆಣ್ಣಾಗಿ ಅರಳಿ ಸಂಜೆ ಮುಚ್ಚುತ್ತದೆ. ಮರುದಿನ ಬೆಳಿಗ್ಗೆ ಗಂಡಾಗಿ ಅರಳುತ್ತದೆ. ಹಾಸ್ 'ಎ' ಗುಂಪಿನದು; ಫ್ಯೂರ್ಟೆ ಮತ್ತು ಪೊಲಾಕ್ 'ಬಿ' ಗುಂಪಿನವು. ಒಂದು ಗುಂಪಿನ ಹೂ ಹೆಣ್ಣಾಗಿರುವ ಹೊತ್ತಿನಲ್ಲಿ ಇನ್ನೊಂದು ಗುಂಪಿನದು ಗಂಡಾಗಿರುತ್ತದೆ. ಎರಡೂ ಹತ್ತಿರದಲ್ಲಿದ್ದರೆ ಜೇನುನೊಣ ತನ್ನ ಕೆಲಸ ಮಾಡುತ್ತದೆ.

ಒಂಟಿ ಮರದಲ್ಲಿ ಕಾಯಿ ಬರುವುದೇ ಇಲ್ಲವೆಂದಲ್ಲ. ಮೋಡ ಮತ್ತು ತಂಪಿನ ದಿನಗಳಲ್ಲಿ ಅರಳುವ ಹೊತ್ತು ಹಿಂದುಮುಂದಾಗಿ ಒಂದೇ ಮರದಲ್ಲಿ ಎರಡು ಬಗೆಯ ಹೂವೂ ಸ್ವಲ್ಪ ಕಾಲ ಸಿಗುವುದುಂಟು. ಆದರೆ ಅದನ್ನು ನಂಬಿ ಕೂರುವಂತಿಲ್ಲ.

ನಿಮ್ಮ ಮರ ಯಾವ ಗುಂಪಿನದೆಂದು ನೀವೇ ನೋಡಿ ತಿಳಿಯಬಹುದು. ಬಿಸಿಲಿನ ದಿನ ಬೆಳಿಗ್ಗೆ 10 ಗಂಟೆಗೆ ಅರಳಿದ ಹೂವನ್ನು ಗಮನಿಸಿ. ಕೇಸರಗಳು ಎಸಳಿನ ಮೇಲೆ ಮಲಗಿದ್ದು ನಡುವೆ ಬಿಳಿಯ ಶಲಾಕೆ ಒಂದೇ ನೆಟ್ಟಗೆ ನಿಂತಿದ್ದರೆ ಅದು ಹೆಣ್ಣು ಹಂತ. ಮರ 'ಎ' ಗುಂಪಿನದು. ಕೇಸರಗಳು ಎದ್ದು ನಿಂತು ಹಳದಿ ಪರಾಗ ಕಾಣುತ್ತಿದ್ದರೆ ಅದು ಗಂಡು ಹಂತ. ಮರ 'ಬಿ' ಗುಂಪಿನದು.

ಎರಡು ಮರಕ್ಕೆ ಜಾಗವಿಲ್ಲದಿದ್ದರೆ ಪಕ್ಕದ ಮನೆಯವರೊಂದಿಗೆ ಮಾತಾಡಿಕೊಂಡು ಅವರ ಹಿತ್ತಲಲ್ಲಿ ಇನ್ನೊಂದು ಗುಂಪಿನ ಗಿಡ ನೆಡಿಸಬಹುದು. ಇಲ್ಲವೇ ನಿಮ್ಮ ಮರದ ಒಂದು ಕೊಂಬೆಗೆ ಇನ್ನೊಂದು ಗುಂಪಿನ ಕಸಿ ಕಟ್ಟಬಹುದು. ಒಂದು ಜೇನುಪೆಟ್ಟಿಗೆ ಇಟ್ಟರೆ ಇನ್ನೂ ಒಳ್ಳೆಯದು. ಹೂವಿನ ಕಾಲದಲ್ಲಿ ಮರಕ್ಕಾಗಲಿ, ಸುತ್ತಲಿನ ಬೆಳೆಗಾಗಲಿ ಕೀಟನಾಶಕ ಹೊಡೆಯಬೇಡಿ.

ಹೂ ಉದುರಿತೆಂದು ಗಾಬರಿಯಾಗುವುದೂ ಬೇಡ. ಈ ಮರ ಲಕ್ಷಗಟ್ಟಲೆ ಹೂ ಬಿಡುತ್ತದೆ. ನೂರಕ್ಕೆ ಒಂದು ನಿಲ್ಲುವುದೂ ಇಲ್ಲ. ಆದರೂ ಫಸಲು ಸಾಕಷ್ಟು ಆಗುತ್ತದೆ.

ಬೇರು ಕೊಳೆರೋಗ

ಬೆಣ್ಣೆಹಣ್ಣಿನ ಮರಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ನಿಂತ ನೀರಿನಲ್ಲಿ ಈಜಿ ಬೇರಿಗೆ ಹತ್ತುತ್ತದೆ. ಎಲೆಗಳು ಸಣ್ಣದಾಗಿ, ಬಿಳಿಚಿಕೊಂಡು, ನೆಲ ಒದ್ದೆಯಿದ್ದರೂ ಬಾಡಿದಂತೆ ಕಾಣುತ್ತವೆ. ಕೊಂಬೆ ತುದಿಯಿಂದ ಒಣಗುತ್ತದೆ. ಬುಡದ ಮಣ್ಣು ಸರಿಸಿ ನೋಡಿದರೆ ಎಳೆಬೇರುಗಳು ಕಪ್ಪಾಗಿ, ಮುಟ್ಟಿದರೆ ಮುರಿಯುವಂತಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1926ರಲ್ಲಿ ನೆಟ್ಟ ಬೀಜದಿಂದ ಹುಟ್ಟಿ, ಜಗತ್ತಿನ ಎಲ್ಲ ಹಾಸ್ ಮರಗಳಿಗೂ ತಾಯಿಯಾದ ಮರ ಕೂಡ 2002ರಲ್ಲಿ ಈ ರೋಗದಿಂದಲೇ ಸತ್ತಿತು.

ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ನೋಡಿಕೊಳ್ಳುವುದು ಮುಖ್ಯ. ನಮ್ಮ ಹಿತ್ತಲುಗಳಲ್ಲಿ ಬಚ್ಚಲ ನೀರನ್ನು ಬಾಳೆ, ತೆಂಗು, ಕೆಸುವಿಗೆ ತಿರುಗಿಸುವ ವಾಡಿಕೆ ಇದೆ. ಅವುಗಳಿಗೆ ಅದು ಸರಿ. ಬೆಣ್ಣೆಹಣ್ಣಿನ ಬುಡಕ್ಕೆ ಮಾತ್ರ ಬಚ್ಚಲ ನೀರು ಬಿಡಬಾರದು; ಸದಾ ಒದ್ದೆ ಮತ್ತು ಸಾಬೂನಿನ ಉಪ್ಪು ಎರಡೂ ಅದಕ್ಕೆ ವಿಷ. ಅದರಂತೆಯೇ ಗುದ್ದಲಿಯಿಂದ ಬುಡ ಅಗೆಯುವುದೂ ಸಲ್ಲದು. ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಗಾಯವಾದ ಕಡೆ ರೋಗ ಹೊಕ್ಕುತ್ತದೆ. ಕಳೆಯನ್ನು ಕೈಯಿಂದ ಕಿತ್ತು, ಒಣಎಲೆ ಮತ್ತು ದರಗನ್ನು ಅರ್ಧ ಅಡಿ ದಪ್ಪ ಹೊದಿಸಿ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಮಳೆಗೆ ಮುನ್ನ ಬಸಿಗಾಲುವೆ ಸರಿಪಡಿಸಿ, ಕಾಂಡದ ಬುಡಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ರೋಗ ಕಂಡ ಮರದ ಬುಡಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸುರಿಯಬಹುದು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಟ್ಟುಗೂಡಿಸಬೇಕು. ಹೊಳಪಿನ ಚಾಕು ಅದ್ದಿದಾಗ ತುಕ್ಕಿನ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಿ. ರೋಗ ಬಲಿತಿದ್ದರೆ ಪೊಟ್ಯಾಸಿಯಂ ಫಾಸ್ಫೊನೇಟ್ ಬಳಕೆಯ ಬಗ್ಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಗೊಬ್ಬರ ಮತ್ತು ನೀರು

ಗೊಬ್ಬರವನ್ನು ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್, ಹೀಗೆ ಎರಡು ಕಂತುಗಳಲ್ಲಿ ಕೊಡಬೇಕು. ಎಳೆಯ ಮರಗಳಿಗೆ ಸಾರಜನಕ, ರಂಜಕ ಮತ್ತು ಪೊಟ್ಯಾಷ್ 1:1:1ರ ಪ್ರಮಾಣದಲ್ಲೂ ದೊಡ್ಡ ಮರಗಳಿಗೆ 2:1:2ರ ಪ್ರಮಾಣದಲ್ಲೂ ಇರಲಿ. ಜೊತೆಗೆ ಪ್ರತಿವರ್ಷ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಎಲ್ಲವನ್ನೂ ಕೊಂಬೆಗಳ ತುದಿಯ ನೇರಕ್ಕೆ ಹರಡಿ ಹೊದಿಕೆಯಿಂದ ಮುಚ್ಚಿದರೆ ಸಾಕು. ಬೇಸಿಗೆಯಲ್ಲಿ ಹೂ ಮತ್ತು ಎಳೆಗಾಯಿ ಇರುವಾಗ ನೀರು ತಪ್ಪಬಾರದು. ಸ್ವಲ್ಪ ಸ್ವಲ್ಪವಾಗಿ ಕೊಡಿ. ಪಾತಿ ತುಂಬಿ ನಿಲ್ಲಿಸಬೇಡಿ.

ಕೊಯ್ಲು

ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ. ಕಿತ್ತ ಮೇಲೆಯೇ ಹಣ್ಣಾಗುತ್ತದೆ. ಆದ್ದರಿಂದ ಬಲಿತದ್ದನ್ನು ಗುರುತಿಸುವುದು ಮುಖ್ಯ. ಹಸಿರು ತಳಿಗಳ ಕಾಯಿ ಹೊಳಪು ಕಳೆದು ತುಸು ಹಳದಿಗೆ ತಿರುಗುತ್ತದೆ. ನೇರಳೆ ತಳಿಗಳ ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಅನುಮಾನವಿದ್ದರೆ ಒಂದೆರಡು ಕಾಯಿ ಕಿತ್ತು ಮನೆಯಲ್ಲಿಡಿ. 5ರಿಂದ 10 ದಿನಗಳಲ್ಲಿ ಸುಕ್ಕುಗಟ್ಟದೆ ಮೆತ್ತಗಾಗಿ, ಒಳಗೆ ಬೀಜದ ಸಿಪ್ಪೆ ಕಂದಾಗಿದ್ದರೆ ಕೊಯ್ಲು ಮಾಡಬಹುದು. ಸುಕ್ಕಾಗಿ ರಬ್ಬರಿನಂತಾದರೆ ಇನ್ನೂ ಬಲಿತಿಲ್ಲ. ಎಳೆಯದನ್ನು ಪೇಟೆಗೆ ಕಳಿಸಿದರೆ ಕೊಂಡವರು ಮತ್ತೆ ಕೊಳ್ಳುವುದಿಲ್ಲ.

ಮರ ಅಲುಗಿಸಿ ಬೀಳಿಸಬೇಡಿ. ಬಲೆಚೀಲ ಕಟ್ಟಿದ ದೋಟಿಯಿಂದ, ತುಸು ತೊಟ್ಟು ಉಳಿಸಿ ಕೀಳಬೇಕು. ಬೇಗ ಹಣ್ಣಾಗಬೇಕಾದರೆ ಬಾಳೆಹಣ್ಣಿನ ಜೊತೆ ಹುಲ್ಲಿನಲ್ಲಿ ಮುಚ್ಚಿಡಿ.

ಮನೆಬಳಕೆಗೆ ಎರಡು ಮಾತು. ತಿರುಳನ್ನು ಬೆಲ್ಲ, ಹಾಲಿನೊಡನೆ ಕಡೆದು ಕುಡಿಯಬಹುದು. ಉಪ್ಪು, ಮೆಣಸು, ನಿಂಬೆರಸ ಬೆರೆಸಿ ರೊಟ್ಟಿಗೆ ಹಚ್ಚಬಹುದು. ನಿಂಬೆರಸ ತಿರುಳು ಕಪ್ಪಾಗುವುದನ್ನು ತಡೆಯುತ್ತದೆ. ಬೇಯಿಸಿದರೆ ಕಹಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಸವರಿದ ಕೊಂಬೆಯ ಸೊಪ್ಪು, ಹಣ್ಣಿನ ಸಿಪ್ಪೆ ಮತ್ತು ಬೀಜವನ್ನು ದನ, ಆಡು, ಕುರಿ, ಕೋಳಿಗಳಿಗೆ ಹಾಕಬೇಡಿ. ಅವುಗಳಲ್ಲಿರುವ ವಿಷದಿಂದ ಹಾಲು ಕರೆಯುವ ಪ್ರಾಣಿಗಳ ಕೆಚ್ಚಲು ಬಾತು ಹಾಲು ನಿಲ್ಲುತ್ತದೆ; ಹೆಚ್ಚು ತಿಂದರೆ ಹೃದಯಕ್ಕೆ ತೊಂದರೆಯಾಗಿ ಸಾವೂ ಸಂಭವಿಸಬಹುದು. ಇವುಗಳನ್ನು ಜಾನುವಾರಿಗೆ ಸಿಗದಂತೆ ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿರಿ.

ನೆನಪಿನಲ್ಲಿಡಿ

1. ನೀರು ಬಸಿಯುವ ಜಾಗದಲ್ಲೇ ನೆಡಿ. ಮಳೆ ಹೆಚ್ಚಿದ್ದರೆ ದಿಬ್ಬ ಮಾಡಿ.
2. ಗುಂಪು ತಿಳಿದ ಕಸಿ ಗಿಡವನ್ನೇ ಕೊಳ್ಳಿ. 'ಎ' ಮತ್ತು 'ಬಿ' ಎರಡೂ ಹತ್ತಿರದಲ್ಲಿರಲಿ.
3. ಬಚ್ಚಲ ನೀರು ಬೇಡ, ಬುಡ ಅಗೆತ ಬೇಡ, ತರಗಿನ ಹೊದಿಕೆ ಇರಲಿ.
4. ಒಂದು ಕಾಯಿ ಕಿತ್ತು ಪರೀಕ್ಷಿಸಿದ ಮೇಲೆ ಉಳಿದುದನ್ನು ಕೊಯ್ಯಿರಿ.
5. ಸೊಪ್ಪು, ಸಿಪ್ಪೆ, ಬೀಜ ಜಾನುವಾರಿನ ಬಾಯಿಗೆ ಸಿಗದಿರಲಿ.