ಸಕ್ಕರೆ ಕಾಯಿಲೆ: ಎಲ್ಲರಿಗೂ ಒಂದೇ ಗುರಿಯೇ?

ಮಗನಿಗೆ ನಲವತ್ತೈದು, ತಾಯಿಗೆ ಎಪ್ಪತ್ತೆಂಟು. ಇಬ್ಬರಿಗೂ ಸಕ್ಕರೆ ಕಾಯಿಲೆ. ನೋಡುವವರು ಒಬ್ಬರೇ ವೈದ್ಯರು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಇಬ್ಬರಿಗೂ 7.8 ಬಂದಿದೆ ಎಂದುಕೊಳ್ಳಿ. ವೈದ್ಯರು ಮಗನಿಗೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ತಾಯಿಯ ಮಾತ್ರೆಗಳಲ್ಲಿ ಒಂದನ್ನು ಕಡಿಮೆ ಮಾಡುತ್ತಾರೆ. ವಯಸ್ಸಾಯಿತೆಂದು ಅಮ್ಮನನ್ನು ಅಲಕ್ಷ್ಯ ಮಾಡಿದರೇ ಎಂಬ ಅನುಮಾನ ಮನೆಯವರಿಗೆ ಬರುವುದು ಸಹಜ. ಆದರೆ ಎರಡು ನಿರ್ಧಾರಗಳಿಗೂ ಸಂಶೋಧನೆಯ ಆಧಾರವಿದೆ.

'ಏಳರೊಳಗೆ ಇರಲಿ' ಎಂಬ ಮಾತಿಗೆ ಮುಖ್ಯ ಬಲ ಬಂದದ್ದು ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಿಂದ. 1977ರಲ್ಲಿ ಆರಂಭವಾದ ಇದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಕಟ್ಟುನಿಟ್ಟಿನ ಚಿಕಿತ್ಸೆ ಪಡೆದವರ ಎಚ್‌ಬಿಎ1ಸಿ 7.0ರಷ್ಟಿದ್ದರೆ ಉಳಿದವರದು 7.9ರಷ್ಟಿತ್ತು. ಮೊದಲ ಗುಂಪಿನವರಲ್ಲಿ ಕಣ್ಣು, ಮೂತ್ರಪಿಂಡ ಮೊದಲಾದೆಡೆ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಅಧ್ಯಯನ ಮುಗಿದು ಹತ್ತು ವರ್ಷಗಳಾದ ಮೇಲೂ ಆ ಲಾಭ ಉಳಿದಿತ್ತೆಂದು 2008ರಲ್ಲಿ ತಿಳಿಯಿತು. ಮಗನಿಗೆ ಮಾತ್ರೆ ಸೇರಿಸಿದ್ದು ಇದಕ್ಕೇ.

ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಯಾರನ್ನು? ಕಾಯಿಲೆ ಆಗಷ್ಟೇ ಪತ್ತೆಯಾಗಿದ್ದ, 25ರಿಂದ 65 ವರ್ಷದವರನ್ನು. ಎಪ್ಪತ್ತೆಂಟರ ಅಜ್ಜಿ ಅದರಲ್ಲಿರಲಿಲ್ಲ.

ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ 'ಅಕಾರ್ಡ್' ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಅದರಲ್ಲಿದ್ದ 10,251 ಮಂದಿಯ ಸರಾಸರಿ ವಯಸ್ಸು 62. ಕಾಯಿಲೆ ಸುಮಾರು ಹತ್ತು ವರ್ಷ ಹಳೆಯದು. ಹೃದಯದ ತೊಂದರೆ ಇದ್ದವರು ಅಥವಾ ಅದರ ಅಪಾಯ ಹೆಚ್ಚಿದ್ದವರು. ಅರ್ಧದಷ್ಟು ಜನರ ಎಚ್‌ಬಿಎ1ಸಿಯನ್ನು ಆರಕ್ಕಿಂತ ಕೆಳಗಿಳಿಸಲು ಪ್ರಯತ್ನಿಸಲಾಯಿತು. ಆ ಗುಂಪಿನಲ್ಲಿ 257 ಮಂದಿ, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 203 ಮಂದಿ ಸತ್ತಾಗ, 2008ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಿನ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು.

ಹಾಗಾಗಿ ಬೇರೆ ತೊಂದರೆಗಳಿಲ್ಲದ ಗಟ್ಟಿಮುಟ್ಟಾದ ವೃದ್ಧರಿಗೆ 7ರಿಂದ 7.5ರ ಆಸುಪಾಸು, ಹಲವು ಕಾಯಿಲೆಗಳಿರುವ ಅಥವಾ ಮರೆವು ಹೆಚ್ಚಿದವರಿಗೆ 8ರ ಆಸುಪಾಸು ಇದ್ದರೆ ಸಾಕೆಂಬ ಸಲಹೆ ಇಂದಿನ ಮಾರ್ಗಸೂಚಿಗಳಲ್ಲೇ ಇದೆ. ಬಿಗಿ ಹತೋಟಿಯ ಲಾಭ ಕೈಗೆ ಬರಲು ವರ್ಷಗಳು ಬೇಕು. ಸಕ್ಕರೆ ತೀರಾ ಇಳಿದು ಆಗುವ ಅಪಾಯಕ್ಕಾದರೋ ಒಂದು ರಾತ್ರಿ ಸಾಕು. ಬಚ್ಚಲಿಗೆ ಎದ್ದ ಅಜ್ಜಿ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, 6.5 ಎಂದು ಬರೆದ ವರದಿಯಿಂದ ಏನು ಪ್ರಯೋಜನ?

ಪುರಾವೆ ಆಧಾರಿತ ವೈದ್ಯಪದ್ಧತಿಯೆಂದರೆ ಎಲ್ಲರಿಗೂ ಒಂದೇ ಅಚ್ಚು ಎಂದು ಕೆಲವರು ದೂರುವುದುಂಟು. ಆ ಪದ್ಧತಿಯನ್ನು ಬೆಳೆಸಿದ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರೇ 1996ರಲ್ಲಿ, ಸಂಶೋಧನೆಯ ಜತೆಗೆ ವೈದ್ಯರ ಅನುಭವವೂ ರೋಗಿಯ ಇಷ್ಟಾನಿಷ್ಟಗಳೂ ಕೂಡಬೇಕೆಂದು ಬರೆದಿದ್ದರು.

ರೋಗಿಯ ವಿಷಯಗಳನ್ನು ವೈದ್ಯರಿಗೆ ತಿಳಿಸಬೇಕಾದವರು ಮನೆಯವರು. ಏಕಾದಶಿಗೆ ಉಪವಾಸವಿದ್ದು ಮಾತ್ರೆ ಮಾತ್ರ ತಪ್ಪದೆ ನುಂಗುತ್ತಾರೆಯೇ? ಒಬ್ಬರೇ ಮಲಗುತ್ತಾರೆಯೇ? ನುಂಗಿದ್ದು ಮರೆತು ಮತ್ತೊಮ್ಮೆ ನುಂಗುತ್ತಾರೆಯೇ? ಮೂತ್ರಪಿಂಡ ದುರ್ಬಲವಾಗಿದೆಯೇ? ಹಾಗಿದ್ದರೆ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯ ಪರಿಣಾಮ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಕ್ತಹೀನತೆಯನ್ನೂ ಹೇಳಬೇಕು. ನಮ್ಮ ಹೆಂಗಸರಲ್ಲಿ ಸಾಮಾನ್ಯವಾದ ಕಬ್ಬಿಣಾಂಶದ ಕೊರತೆ ಎಚ್‌ಬಿಎ1ಸಿಯನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಬಲ್ಲದು. ಆಗ ಬೆರಳಿನ ರಕ್ತದ ಪರೀಕ್ಷೆಯನ್ನೂ ನೋಡಿಯೇ ತೀರ್ಮಾನಿಸಬೇಕು.

ಇದನ್ನೋದಿ ಯಾರೂ ತಾವಾಗಿ ಮಾತ್ರೆ ಬಿಡಬಾರದು. ಸಕ್ಕರೆ ಇನ್ನೂರು, ಮುನ್ನೂರಕ್ಕೆ ಏರುತ್ತಿದ್ದರೆ ವೃದ್ಧರಿಗೂ ಚಿಕಿತ್ಸೆ ಬೇಕೇ ಬೇಕು.

ಬೆವರು, ನಡುಕ, ಹಸಿವು, ಇದ್ದಕ್ಕಿದ್ದಂತೆ ತೊದಲು ಅಥವಾ ಗೊಂದಲದ ಮಾತು ಕಂಡರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆಯಿಂದ ಇಳಿದ ಸಕ್ಕರೆ ಚೇತರಿಸಿದಂತೆ ಕಂಡು ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು. ಆದ್ದರಿಂದ ವೃದ್ಧರು ಸುಧಾರಿಸಿಕೊಂಡರೂ ಅಂದೇ ವೈದ್ಯರಿಗೆ ತೋರಿಸಿ, ಆ ರಾತ್ರಿ ಅವರೊಬ್ಬರನ್ನೇ ಬಿಡಬೇಡಿ.