ಲೋಗೋದಲ್ಲೇ ನಿಂತ ಕಂಪ್ಯೂಟರ್

ಡೊಂಬಿವಲಿ ಪೂರ್ವದ ನಮ್ಮ ಕನ್ನಡ ವಾಚನಾಲಯಕ್ಕೆ ದೇಣಿಗೆಯಾಗಿ ಬಂದ ಹಳೆಯ ಡೆಸ್ಕ್‌ಟಾಪಿನಲ್ಲಿ ಉಬುಂಟು 22.04 ಇದೆ. ಪುಸ್ತಕಗಳ ಪಟ್ಟಿ, ಸದಸ್ಯರ ವಂತಿಗೆ, ತಾಳಮದ್ದಳೆಯ ಆಮಂತ್ರಣ ಎಲ್ಲ ಅದರಲ್ಲೇ. 2024ರ ಮಳೆಗಾಲದಲ್ಲಿ ಅಪ್‌ಡೇಟ್ ಆದ ಮೇಲೆ ರೀಸ್ಟಾರ್ಟ್ ಮಾಡಿದರೆ ಲೋಗೋ ಬಂತು, ಅಲ್ಲೇ ನಿಂತಿತು.

ಕಲ್ಯಾಣದ ರಿಪೇರಿ ಅಂಗಡಿಯವ ಯಂತ್ರ ನೋಡದೆಯೇ ತೀರ್ಪು ಕೊಟ್ಟ: "ಫಾರ್ಮ್ಯಾಟ್ ಕರಾವಾ ಲಾಗೇಲ್." ಪಟ್ಟಿಯ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಆದರೂ ಫಾರ್ಮ್ಯಾಟ್ ಎಂದರೆ ಕನ್ನಡ ಕೀಲಿಮಣೆ, ಪ್ರಿಂಟರ್ ಎಲ್ಲವನ್ನೂ ಮತ್ತೆ ಕೂರಿಸುವ ತಲೆನೋವು.

ಘನ್ಸೋಲಿಯಲ್ಲಿ ಸರ್ವರ್ ನೋಡಿಕೊಳ್ಳುವ ಕುಂದಾಪುರದ ಹುಡುಗನೊಬ್ಬನಿದ್ದಾನೆ. ಶಿಲ್‌ಫಾಟಾದ ಟ್ರಾಫಿಕ್ಕಿಗೆ ಹೆದರಿ ಅವನು ಬರಲಿಲ್ಲ, ಫೋನಿನಲ್ಲೇ ಕೇಳಿದ: "ನಮ್ ಲಾಕ್ ಒತ್ತಿ ಕಾಣಿ ಮಾರಾಯ್ರೆ, ಲೈಟ್ ಹತ್ತಿ ಆರತ್ತಾ?" ಹತ್ತಿ ಆರುತ್ತಿತ್ತು. "ಹಂಗಾರೆ ಜೀವ ಇತ್ತ್. ಫಾರ್ಮ್ಯಾಟ್ ಬ್ಯಾಡ."

ಆ ದೀಪ ಸ್ಪಂದಿಸಿದರೆ ಒಳಗೆ ವ್ಯವಸ್ಥೆಯ ತಿರುಳಾದ ಕರ್ನೆಲ್ ಓಡುತ್ತಿದೆ, ಪರದೆ ಮಾತ್ರ ಸಿಕ್ಕಿಕೊಂಡಿದೆ ಎಂದು ಅನುಮಾನಿಸಬಹುದು. ಅಂಥ ಹೊತ್ತಿನಲ್ಲಿ ಪವರ್ ಬಟನ್ ಅದುಮಿ ಹಿಡಿಯುವುದಕ್ಕಿಂತ, ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಕೀಲಿಗಳನ್ನು ಒಂದೊಂದಾಗಿ ಒತ್ತುವುದು ಮೇಲು. ಮೊದಲನೆಯದು ಬಾಕಿ ದತ್ತಾಂಶವನ್ನು ಡಿಸ್ಕಿಗೆ ಬರೆಸುತ್ತದೆ, ಎರಡನೆಯದು ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಮೂರನೆಯದು ರೀಬೂಟ್ ಮಾಡುತ್ತದೆ.

ಯಂತ್ರ ಮತ್ತೆ ಏಳುವಾಗ ಎಸ್ಕೇಪ್ ಒತ್ತಿದರೆ, ಯಾವ ಕರ್ನೆಲ್ ಬೇಕೆಂದು ಆರಿಸುವ ಗ್ರಬ್ ಮೆನು ಬರುತ್ತದೆ. ಹಳೆ ಬಯಾಸ್ ಇದ್ದರೆ ಶಿಫ್ಟ್ ಹಿಡಿದಿರಬೇಕು. ಅದರ 'ಅಡ್ವಾನ್ಸ್ಡ್ ಆಪ್ಶನ್ಸ್' ಒಳಗೆ ಅಪ್‌ಡೇಟಿನಲ್ಲಿ ಬಂದ 6.8ರ ಕೆಳಗೆ ಹಳೆಯ 6.5 ಕರ್ನೆಲ್ ಕಾಣಿಸಿತು. ಆರಿಸಿದೆ, ಡೆಸ್ಕ್‌ಟಾಪ್ ತೆರೆಯಿತು, ಪಟ್ಟಿಯೂ ಇತ್ತು. ಹೊಸ ಕರ್ನೆಲ್ ಬಂದಾಗ ಉಬುಂಟು ಹಳೆಯದನ್ನು ಅಳಿಸದೆ ಉಳಿಸಿಕೊಳ್ಳುವುದು ಇಂಥ ದಿನಕ್ಕಾಗಿಯೇ. ಹೊಸದು ಸರಿಯಾಗಿ ಏಳುವುದನ್ನು ನೋಡುವ ತನಕ, ಜಾಗ ಉಳಿಸುವ ಉಮೇದಿನಲ್ಲಿ ಹಳೆಯದನ್ನು ತೆಗೆಯಬಾರದು.

ಕಾರಣ ಹುಡುಕಲು ಮತ್ತೆ 6.8ಕ್ಕೇ ಹೋದೆವು. ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನಿಂದ 'ಕ್ವಾಯೆಟ್', 'ಸ್ಪ್ಲ್ಯಾಶ್' ಪದಗಳನ್ನು ಅಳಿಸಿ ಎಫ್10 ಒತ್ತಿದರೆ ಚೆಂದದ ಲೋಗೋ ಹೋಗಿ ಅಕ್ಷರಗಳು ಸರಸರನೆ ಇಳಿಯುತ್ತವೆ. ಕೊನೆಯ ಸಾಲುಗಳು ಗ್ರಾಫಿಕ್ಸ್ ಕಾರ್ಡಿನತ್ತ ಬೊಟ್ಟು ಮಾಡಿದವು. ನಮ್ಮದು ತಯಾರಕರು ಡ್ರೈವರ್ ಬೆಂಬಲ ನಿಲ್ಲಿಸಿದ ಕಾರ್ಡು. ಕಂಪನಿಯ ಡ್ರೈವರ್ ಕರ್ನೆಲ್ಲಿನ ಭಾಗವಲ್ಲ. ಪ್ರತಿ ಹೊಸ ಕರ್ನೆಲ್ಲಿಗೂ ಡಿಕೆಎಂಎಸ್ ಎಂಬ ಸಲಕರಣೆ ಅದನ್ನು ಬೇರೆಯಾಗಿ ಕಟ್ಟಬೇಕು, ಈ ಬಾರಿ ಕಟ್ಟಲಾಗಿರಲಿಲ್ಲ.

ಎರಡು ದಾರಿ ಇದ್ದವು. ಕಂಪನಿಯ ಡ್ರೈವರ್ ಕಿತ್ತು, ಕರ್ನೆಲ್ ಜೊತೆಗೇ ಬರುವ ಮುಕ್ತ ಡ್ರೈವರ್ ಬಳಸುವುದು ಒಂದು. 22.04ರ ಮೂಲ ಕರ್ನೆಲ್ 5.15ಕ್ಕೆ ಮರಳುವುದು ಇನ್ನೊಂದು. ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಕರ್ನೆಲ್ 5.15ರಿಂದ 5.19, 6.2, 6.5, 6.8 ಎಂದು ಏರುತ್ತ ಹೋದದ್ದು ಮುಖ್ಯವಾಗಿ ಹೊಸ ಯಂತ್ರಾಂಶಕ್ಕಾಗಿ. ನಮ್ಮ ಮುದಿ ಡೆಸ್ಕ್‌ಟಾಪಿಗೆ ಅದರ ಹಂಗೇಕೆ? ಬೇಕಾದದ್ದು ಭದ್ರತಾ ತಿದ್ದುಪಡಿ, ಅದು 5.15ಕ್ಕೂ 2027ರ ತನಕ ಬರುತ್ತದೆ. 5.15 ಹಾಕಿದೆವು, ಹಳೆಯ ಡ್ರೈವರ್ ಅದರಲ್ಲಿ ತಕರಾರಿಲ್ಲದೆ ಕೂತಿತು.

ಠಾಣೆ, ಕಲ್ಯಾಣ, ನವಿ ಮುಂಬಯಿಯ ಸಂಘಗಳಲ್ಲಿ ಇಂಥ ದೇಣಿಗೆ ಯಂತ್ರಗಳು ಇನ್ನೂ ಇದ್ದಾವು. ಯಾವುದಾದರೂ ಹೀಗೆ ನಿಂತರೆ, ಅಂಗಡಿಗೆ ಹೊರುವ ಮೊದಲು ಗ್ರಬ್ ಮೆನು ತೆರೆದು ಹಳೆ ಕರ್ನೆಲ್ ಒಮ್ಮೆ ಆರಿಸಿ ನೋಡಿ.