ನಮಸ್ಕಾರ ಮಾಡುತ್ತೇವೆ, ಮಾತು ಕೇಳುತ್ತೇವೆಯೇ?

ಪ್ರಶ್ನೆ: ವಯಸ್ಸಾದವರ ಬಗೆಗಿನ ಪೂರ್ವಗ್ರಹ ಅಮೆರಿಕ, ಯುರೋಪಿನವರ ಸಮಸ್ಯೆಯಲ್ಲವೇ? ಹಿರಿಯರ ಕಾಲಿಗೆ ಬೀಳುವ ನಮ್ಮಲ್ಲೂ ಅದು ಇದೆಯೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಇದೆ. ನಮ್ಮಲ್ಲಿ ಅದು ಗೌರವದ ಜೊತೆಗೇ ಬರುವುದರಿಂದ ಬೇಗ ಗುರುತು ಸಿಗುವುದಿಲ್ಲ, ಅಷ್ಟೇ.

ವಾಷಿಂಗ್ಟನ್ ಹತ್ತಿರದ ಬಡಾವಣೆಯೊಂದರ ಜನ ಬಡ ವೃದ್ಧರಿಗೆ ಅಲ್ಲಿ ಮನೆ ಕೊಡಬಾರದೆಂದು ಪ್ರತಿಭಟಿಸಿದಾಗ, 1969ರಲ್ಲಿ, ವೈದ್ಯ ರಾಬರ್ಟ್ ಬಟ್ಲರ್ ಇದನ್ನು ‘ಏಜಿಸಂ’ ಎಂದು ಕರೆದರು. ಜಗತ್ತಿನ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ಈ ಪೂರ್ವಗ್ರಹ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿತು.

ನಮ್ಮ ಯಾವುದಾದರೂ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೂತು ನೋಡಿ. ಸ್ಟೂಲಿನ ಮೇಲೆ ಎಪ್ಪತ್ತು ದಾಟಿದ ತಾಯಿ, ಪಕ್ಕದಲ್ಲಿ ಮಗ. “ಊಟ ಸರಿಯಾಗಿ ಮಾಡ್ತಾರಾ? ನಿದ್ದೆ ಬರುತ್ತಾ?” ಡಾಕ್ಟರು ಕೇಳುವುದು ಮಗನನ್ನು. ತಾಯಿ ಬಾಯಿ ತೆರೆಯುವಷ್ಟರಲ್ಲಿ “ಎಲ್ಲಾ ಸರಿ ಇದೆ ಡಾಕ್ಟ್ರೇ, ಸ್ವಲ್ಪ ಮರೆವು” ಎಂದು ಅವನು ಮುಗಿಸಿರುತ್ತಾನೆ. “ವಯಸ್ಸಾಯ್ತಲ್ಲ” ಎಂದು ಅವರು ಚೀಟಿ ಬರೆಯುತ್ತಾರೆ. ಪಾದ ಜೋಮು ಹಿಡಿಯುತ್ತದೆ ಎಂದು ಹೇಳಬೇಕೆಂದಿದ್ದ ತಾಯಿ ಹೇಳದೆಯೇ ಎದ್ದು ಬರುತ್ತಾರೆ.

ಮರೆವು, ಜೋಮು ಎರಡೂ ಬಿ12 ಜೀವಸತ್ವದ ಕೊರತೆಯಿಂದಲೂ ಬರಬಹುದು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ಥೈರಾಯ್ಡ್ ತೊಂದರೆ, ಖಿನ್ನತೆ, ಕಿವಿ ಮಂದವಾಗಿರುವುದು ಇವೂ ಎಷ್ಟೋ ಸಲ ‘ಅರವತ್ತಕ್ಕೆ ಅರಳು ಮರಳು’ ಎಂಬ ಲೆಕ್ಕಕ್ಕೆ ಸೇರಿಬಿಡುತ್ತವೆ. ಇಲ್ಲಿ ಯಾರೂ ಕೆಟ್ಟವರಲ್ಲ. ಮಗ ಪ್ರೀತಿಯಿಂದಲೇ ಕರೆತಂದಿದ್ದಾನೆ. ಪೂರ್ವಗ್ರಹಕ್ಕೆ ದ್ವೇಷವೇ ಬೇಕೆಂದಿಲ್ಲ.

“ನಿಮಗ್ಯಾಕೆ ಈ ತಾಪತ್ರಯ, ರಾಮಾ ಕೃಷ್ಣಾ ಅಂತಿರಿ” ಎಂಬ ಮಾತೂ ಇದೇ ಜಾತಿಯದು. ಕೇಳಿ ಕೇಳಿ ಹಿರಿಯರೂ ಅದನ್ನು ನಂಬುತ್ತಾರೆ. ಅಮೆರಿಕದ ಒಹಾಯೊದಲ್ಲಿ ಐವತ್ತು ದಾಟಿದ 660 ಜನರ ಬದುಕನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದ ಮಾಹಿತಿಯನ್ನು ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದ್ದು 1991ರಲ್ಲಿ. ಅವರು ಹುಟ್ಟಿದ್ದು 1913ರಲ್ಲಿ. “ಇನ್ನು ಸಾಕು, ವಿಶ್ರಾಂತಿ ತಗೊಳ್ಳಿ” ಎಂಬ ಮಾತಿಗೆ ಅವರು ತಲೆಬಾಗಿದ್ದರೆ ನಷ್ಟ ನಮ್ಮದೇ ಆಗುತ್ತಿತ್ತು. ಆದರೆ ದೊಡ್ಡ ಸಾಧನೆ ಮಾಡಿದವರಿಗೆ ಮಾತ್ರ ಈ ಮನ್ನಣೆ ಎಂದಾಗಬಾರದು. ಏನನ್ನೂ ಸಾಧಿಸದ ಅಜ್ಜಿಯಾದರೂ ತನ್ನ ಮೊಣಕಾಲು, ತನ್ನ ಪಿಂಚಣಿ, ತನ್ನ ಮನೆಯ ವಿಷಯದಲ್ಲಿ ಕೊನೆಯ ಮಾತು ಅವಳದೇ.

ಹಾಗಾಗಿ ಡಾಕ್ಟರು ನಿಮ್ಮ ಕಡೆ ತಿರುಗಿದಾಗ “ಅಮ್ಮನೇ ಹೇಳ್ತಾರೆ” ಎಂದು ಸುಮ್ಮನಿರಿ. ಮನೆಯ ತೀರ್ಮಾನಗಳಲ್ಲಿ ಹಿರಿಯರ ಅಭಿಪ್ರಾಯ ಮೊದಲೇ ಕೇಳಿ. ಒಪ್ಪಿಗೆಯಾಗದಿದ್ದರೆ ಧಾರಾಳವಾಗಿ ವಾದ ಮಾಡಿ. ತಲೆಯಾಡಿಸಿ ಮರೆತುಬಿಡುವುದಕ್ಕಿಂತ, ಎದುರು ಕೂತು ವಾದ ಮಾಡುವುದರಲ್ಲಿ ಹೆಚ್ಚು ಗೌರವವಿದೆ.